ಸೋರೆಬುರುಡೆ ಪೈಪು

ಹುಳಿಮಾವು, ಬೆಂಗಳೂರು
ನವೆಂಬರ್ ೧೨, ೨೦೨೫, ಬುಧವಾರ

ಮುದ್ದಿನ ಮೊಮ್ಮಗಳು ರಮ್ಯಾಳಿಗೆ, ದೂರದಿಂದಲೇ ತಲೆ ಮೇಲೆ ಕೈಯಿಟ್ಟು ನಿನ್ನ ತಾತ ಬರೆಯುವುದು.

ಹೇಗಿದ್ದೀಯ ಮಗಳೇ? ಹೋದ ವರ್ಷ ರೇಸಿನಲ್ಲಿ ಮುರಿದ ಕಾಲರ್ ಬೋನ್ ಈಗ ಹೇಗಿದೆ? ಒಮ್ಮೆ ಮುರಿದ ಮೂಳೆ ಮುನಿಸಿಕೊಂಡ ನೆಂಟನ ಹಾಗೆ. ಸುಮ್ಮನಿದ್ದಂತೆ ಇದ್ದು ಚಳಿಗಾಲ ಬಂತೆಂದರೆ ಚುಚ್ಚಿ ಮಾತಾಡುತ್ತದೆ. ಮಲಗುವ ಮುಂಚೆ ಎಳ್ಳೆಣ್ಣೆ ಬಿಸಿ ಮಾಡಿ ಸವರಿಕೋ. ಗ್ಯಾರೇಜಿನ ಹುಡುಗರ ಜೊತೆ ನೀನೂ ಬರೀ ಪರೋಟ ತಿಂದು ಮಲಗುತ್ತೀಯಂತೆ, ನಿಮ್ಮಮ್ಮ ಶಾಲಿನಿ ಹೇಳಿದಳು. ಕೊಯಮತ್ತೂರಿನಲ್ಲಿ ರಾಗಿ ಹಿಟ್ಟು ಸಿಗುವುದಿಲ್ಲವೇ? ಸಿಕ್ಕರೂ ಮುದ್ದೆ ಕಟ್ಟುವವರು ಸಿಗಬೇಕಲ್ಲ, ಅದೂ ನಿಜ. ಇಲ್ಲಿ ನಾವೆಲ್ಲ ಇದ್ದೇವೆ. ನನ್ನ ಮಂಡಿ ಹಾಗೇ ಇದೆ. ನಿಮ್ಮಮ್ಮ ಬೆಳಿಗ್ಗೆ ಜೆ.ಪಿ. ನಗರದ ಕ್ಲಿನಿಕ್ಕಿಗೆ ಹೋದರೆ ಟ್ರಾಫಿಕ್ ದಾಟಿ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನಿಮ್ಮಜ್ಜಿಗೆ ಬಿಪಿ ಸ್ವಲ್ಪ ಜಾಸ್ತಿ, ಬಾಯಿ ಸ್ವಲ್ಪ ಕಮ್ಮಿ. ಎರಡನೆಯದೇ ನನಗೆ ಚಿಂತೆ.

ಈ ಕಾಲದಲ್ಲಿ ಯಾರು ತಾತ ಕಾಗದ ಬರೀತಾರೆ ಅಂತ ನೀನು ನಗುವುದು ನನಗೆ ಗೊತ್ತು. ಏನು ಮಾಡಲಿ, ನನ್ನ ಕಿವಿಗೆ ಫೋನಿನ ಸ್ಪೀಕರ್ ಹಾಕಲೇಬೇಕು. ಸ್ಪೀಕರ್ ಹಾಕಿದರೆ ಮೂರು ಮಹಡಿಯ ಬಾಡಿಗೆಯವರಿಗೂ ನಮ್ಮ ಮನೆ ಸುದ್ದಿ ಹಂಚಿದಂತೆ. ಮೊನ್ನೆ ಹೊಟ್ಟೆ ಕೆಟ್ಟಿದೆ ಎಂದು ನೀನು ಹೇಳಿದ ಅರ್ಧ ಗಂಟೆಗೆ ಮೇಲಿನ ಮನೆಯ ಕೆಂಪಕ್ಕ ದಾಳಿಂಬೆ ಸಿಪ್ಪೆ ಹಿಡಿದುಕೊಂಡು ಇಳಿದು ಬಂದಳು. "ಮಜ್ಜಿಗೇಲಿ ಅರೆದು ಕುಡಿಯೋಕೆ ಹೇಳಣ್ಣಾ" ಎಂದಳು. ಹೊಟ್ಟೆ ಕೊಯಮತ್ತೂರಿನಲ್ಲಿ, ಸಿಪ್ಪೆ ನನ್ನ ಕೈಯಲ್ಲಿ.

ಈ ಕೆಂಪಕ್ಕನ ಇನ್ನೊಂದು ಕತೆ ಕೇಳು. ಗೌರಿ ಹಬ್ಬಕ್ಕೆ ಮುಂಚೆ ನಮ್ಮ ದೋಸೆ ಕಾವಲಿ ಇಸಕೊಂಡು ಹೋಗಿದ್ದಳು. ನಮ್ಮವ್ವನ ಕಾಲದ ಕಬ್ಬಿಣದ ಕಾವಲಿ, ಎಣ್ಣೆ ಕುಡಿದು ಕುಡಿದು ಎಮ್ಮೆಯ ಮೈ ಹಾಗೆ ಮಿರಿಮಿರಿ ಮಿಂಚುತ್ತಿತ್ತಲ್ಲ, ಅದೇ. ವಾಪಸ್ ಕೊಡುವಾಗ ಚೆನ್ನಾಗಿ ಕಾಣಲಿ ಎಂದು ಹುಣಿಸೆಹಣ್ಣಿನಲ್ಲಿ ತಿಕ್ಕಿ ತಂದಳು. ನೀರು ಆರುವಷ್ಟರಲ್ಲಿ ಕಾವಲಿ ಕೆಂಪಗಾಗಿತ್ತು. ನಿಮ್ಮಜ್ಜಿ ಮೆಟ್ಟಿಲ ಮೇಲೆ ನಿಂತು, "ಕಬ್ಬಿಣಕ್ಕೆ ಯಾರಾದ್ರೂ ಹುಳಿ ತೋರಿಸ್ತಾರೇನೇ? ನಿಮ್ಮಮ್ಮ ನಿನಗೆ ಒಲೆ ಹಚ್ಚೋದಾದ್ರೂ ಕಲಿಸಿದ್ಲೋ ಇಲ್ವೋ?" ಎಂದು ಕೂಗಿದ್ದು ಬನ್ನೇರುಘಟ್ಟ ರಸ್ತೆಯ ಬಸ್ಸಿನವರಿಗೂ ಕೇಳಿರಬೇಕು. "ಹೋಗ್ಲಿ ಬಿಡೇ, ಹೆಸರೇ ಕೆಂಪಕ್ಕ, ಮುಟ್ಟಿದ್ದೆಲ್ಲ ಕೆಂಪು" ಎಂದು ನಾನು ನಗಿಸಲು ಹೋದೆ. ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈದರು.

ಇರಲಿ. ಊರೆಲ್ಲ ಸುತ್ತಿ ಬಾಗಿಲಿಗೆ ಬರುವುದು ನನ್ನ ಹಳೇ ಚಾಳಿ. ಈಗ ಬಾಗಿಲಿಗೆ ಬಂದೆ. ನಿನ್ನ ರೇಸಿನ ಗೋ-ಕಾರ್ಟ್ ಗಾಡಿಯ ಹೊಗೆ ಪೈಪಿಗೆ ತುಕ್ಕು ಹಿಡಿದಿದೆ ಮಗಳೇ.

ಜೂನ್‌ನಲ್ಲಿ ಹೊರಡುವಾಗ ನೀನು ಹಿತ್ತಲ ಕೊಟ್ಟಿಗೆಯಲ್ಲಿ ಕಾರ್ಟನ್ನು ಇಟ್ಟಿಗೆ ಮೇಲೆ ಕೂರಿಸಿದೆ. ಹೊಗೆಯ ಪೈಪನ್ನು ಬಿಚ್ಚಿ, ಮಗುವಿಗೆ ಸುತ್ತುವ ಹಾಗೆ ನಿಮ್ಮಪ್ಪನ ಹಳೇ ಪಂಚೆ ಸುತ್ತಿ ಹಲಗೆ ಮೇಲಿಟ್ಟೆ. "ತಾತ, ಹದಿನೈದು ದಿನಕ್ಕೊಮ್ಮೆ ಆಯಿಲ್ ಬಟ್ಟೇಲಿ ಒರೆಸು. ನೀರು ಮಾತ್ರ ಸೋಕಿಸ್ಬೇಡ. ನವೆಂಬರ್ ಇಪ್ಪತ್ತೆರಡಕ್ಕೆ ಬಂದು ತಗೊಂಡು ಹೋಗ್ತೀನಿ" ಎಂದೆ. ಎಲ್ಲ ಜ್ಞಾಪಕ ಇದೆ. ಡಿಸೆಂಬರ್ ಮೊದಲ ವಾರ ನಿಮ್ಮ ರೇಸ್ ಟೀಮಿನ ಸೆಲೆಕ್ಷನ್. ಅದರಲ್ಲಿ ಮುಂದೆ ಬಂದರೆ ಟೀಮಿನವರು ನಿನ್ನನ್ನು ಓಡಿಸುವವಳಾಗಿ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಬೇರೆಯವರ ಗಾಡಿಗೆ ಸ್ಪ್ಯಾನರ್ ತಿರುವಿಕೊಂಡು ಇರಬೇಕು. ವಯಸ್ಸಿನ ಲೆಕ್ಕದಲ್ಲಿ ನಿನಗೆ ಇದೇ ಕೊನೆಯ ಸಲ. ಅದೂ ಜ್ಞಾಪಕ ಇದೆ.

ಆ ಪೈಪು ಎಂಥದ್ದು ಎಂದು ನಿನಗೆ ನಾನು ಹೇಳಬೇಕೇ? ನಿಮ್ಮಪ್ಪ ಶಿವರಾಮ ಅರೆಕೆರೆಯ ವೆಲ್ಡಿಂಗ್ ಶಾಪಿನಲ್ಲಿ ತೆಳು ತಗಡು ಕತ್ತರಿಸಿ, ಸುರುಳಿ ಸುತ್ತಿ, ತುಂಡು ತುಂಡು ಬೆಸೆದು ಮಾಡಿದ್ದು. ಬಾಯಿ ಸಣ್ಣ, ಹೊಟ್ಟೆ ದಪ್ಪ, ಬಾಲ ಮತ್ತೆ ಸಣ್ಣ. "ಇದೇನೋ, ಸೋರೆಬುರುಡೆ ಥರ ಇದೆ" ಎಂದು ನಾನು ನಕ್ಕರೆ ಅವನು ನಗಲಿಲ್ಲ. "ಬರೀ ಹೊಗೆ ಹೋಗೋಕಾದ್ರೆ ನೆಟ್ಟಗಿರೋ ಕೊಳವೆ ಸಾಕಪ್ಪಾ. ಹೋದ ಉಸಿರು ಈ ಹೊಟ್ಟೇಲಿ ಬಡಿದು ವಾಪಸ್ ಬರಬೇಕು. ವಾಪಸ್ ಬಂದ ಉಸಿರೇ ಇಂಜಿನ್‌ಗೆ ಶಕ್ತಿ" ಎಂದ. ಮೂರು ಪೈಪು ಕೆಡಿಸಿ ನಾಲ್ಕನೆಯದು ಸರಿ ಬಂತು. ಮೊದಲ ಸಲ ನೀನು ಅದನ್ನು ಹಾಕಿಕೊಂಡು ಓಡಿಸಿದ ದಿನ ಅವನು ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳುತ್ತಾ ನಿಂತಿದ್ದ, ನೀನು ಗಾಡಿಯಲ್ಲಿದ್ದೆ, ನಿನಗೆ ಕಾಣಲಿಲ್ಲ. ಅಳತೆಯನ್ನು ಶಾಪಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಅರೆಕೆರೆ ಸಿಗ್ನಲ್ ಹತ್ತಿರ ಬೈಕಿನಿಂದ ಬಿದ್ದು ಅವನು ಹೋದ ಮೇಲೆ, ಶಾಪು ನೋಡಿಕೊಳ್ಳುವ ತಿಪ್ಪಣ್ಣ ಗೊತ್ತಿಲ್ಲದೆ ಆ ಗೋಡೆಗೆ ಸುಣ್ಣ ಹೊಡೆಸಿಬಿಟ್ಟ. ಈಗಲೂ ಆ ಗೋಡೆ ಕಡೆ ನೋಡುವಾಗ ತಿಪ್ಪಣ್ಣ ತಲೆ ತಗ್ಗಿಸುತ್ತಾನೆ.

ಆದದ್ದು ಹೀಗೆ. ಆಯುಧ ಪೂಜೆಗೆ ಮನೆಯಲ್ಲಿರುವ ಕಬ್ಬಿಣ, ಹಿತ್ತಾಳೆ, ಗಾಡಿ, ಮೋಟಾರು ಎಲ್ಲ ತೊಳೆಯುವುದು ನಮ್ಮ ಪದ್ಧತಿಯಲ್ಲವೇ. ನಾನು ಬೂದುಗುಂಬಳ ತರಲು ಹೋಗಿದ್ದೆ. ನಿಮ್ಮಜ್ಜಿ ದೀಪದ ಕಂಬಗಳನ್ನು ಹಿತ್ತಲಲ್ಲಿ ಹರವಿಕೊಂಡು ಹುಣಿಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಿದ್ದಳು. ಜೊತೆಗೆ ಪೈಪನ್ನೂ ಇಳಿಸಿ ತಿಕ್ಕಿದ್ದಾಳೆ. ಒಳಗೂ ಹೊಲಸಿರುತ್ತದೆ ಎಂದು ಒಂದು ಚೆಂಬು ಹುಳಿನೀರು ಒಳಕ್ಕೆ ಹುಯ್ದು, ಎರಡೂ ಬಾಯಿಗೆ ಬಟ್ಟೆ ತುರುಕಿ ನೆನೆಯಲು ಬಿಟ್ಟಿದ್ದಾಳೆ. ಸಂಜೆ ಪೂಜೆಗೆ ತಂದಿಟ್ಟಾಗ ಬೆಳ್ಳಿ ಗಿಂಡಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಮತ್ತೆ ಪಂಚೆ ಸುತ್ತಿ ಮೇಲಿಟ್ಟಳು. ಆಮೇಲೆ ಆ ಮಳೆ. ದೀಪಾವಳಿಗೆ ನಾನು ಬಿಚ್ಚಿ ನೋಡಿದರೆ ಪಂಚೆಯೆಲ್ಲ ಕೆಮ್ಮಣ್ಣಿನಲ್ಲಿ ಅದ್ದಿದ ಹಾಗಿತ್ತು. ಬೈಯಬೇಡ ಮಗಳೇ. ಹಳೇ ಜೀವ, ಅವಳಿಗೆ ದೀಪದ ಕಂಬವೂ ಒಂದೇ, ಪೈಪೂ ಒಂದೇ ಅನ್ನಿಸಿರಬೇಕು.

ಅವತ್ತಿನಿಂದ ನಾನು ಸುಮ್ಮನೆ ಕೂತಿಲ್ಲ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ಡೀಸೆಲ್ ತಂದು ಎರಡು ದಿನ ನೆನೆಹಾಕಿದೆ. ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಉಪ್ಪುಕಾಗದ ತಂದು ಅಂಗೈ ಚರ್ಮ ಏಳುವವರೆಗೂ ತಿಕ್ಕಿದೆ. ಹೊರಗಿನದು ಸುಮಾರಾಗಿ ಹೋಯಿತು. ಒಳಗಿನದಕ್ಕೆ ಏನು ಮಾಡುವುದು? ಸಣ್ಣ ಜಲ್ಲಿ, ಹಳೇ ನಟ್ಟು ಬೋಲ್ಟು ಎಲ್ಲ ಒಳಕ್ಕೆ ಸುರಿದು, ಬಾಯಿ ಕಟ್ಟಿ, ತೊಡೆ ಮೇಲಿಟ್ಟುಕೊಂಡು ಅಲ್ಲಾಡಿಸಿದೆ. ಬಿಟಿಎಂ ಲೇಔಟಿನಿಂದ ಬಂದು ಮೂರನೇ ಮಹಡಿ ಸೇರಿರುವ ಹುಡುಗರು ಇಣುಕಿ, "ಅಂಕಲ್, ಮ್ಯೂಸಿಕ್ ಪ್ರಾಕ್ಟೀಸಾ?" ಎಂದು ಕೇಳಿದರು. ಹೌದಪ್ಪ, ಕಚೇರಿ ಇದೆ ಎಂದೆ. ಜಲ್ಲಿ ಸುರಿದಾಗ ಅದರ ಜೊತೆ ಉಗುರಗಲದ ಕೆಂಪು ಚಕ್ಕೆಗಳು ಬಿದ್ದವು. ಪೈಪನ್ನು ಬಿಸಿಲಿಗೆ ಹಿಡಿದು ಒಂದು ಬಾಯಿಗೆ ಕಣ್ಣಿಟ್ಟು ನೋಡಿದೆ. ಹೊಟ್ಟೆಯ ಕತ್ತಲಲ್ಲಿ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳು ಕಂಡವು. ಹಗಲು ಹೊತ್ತಿನಲ್ಲಿ ನಕ್ಷತ್ರ ನೋಡಿದವನು ಈ ಊರಲ್ಲಿ ನಾನೊಬ್ಬನೇ. ಎಣಿಸುತ್ತಾ ಹೋದೆ, ಹದಿನೇಳಕ್ಕೆ ಬಿಟ್ಟೆ.

ಸೋಮವಾರ ಆಟೋದಲ್ಲಿ ಅದನ್ನು ತೊಡೆ ಮೇಲೆ ಮಲಗಿಸಿಕೊಂಡು ಅರೆಕೆರೆಗೆ ಹೋದೆ. ತಿಪ್ಪಣ್ಣ ಸ್ಕ್ರೂಡ್ರೈವರಿನ ಹಿಡಿಯಿಂದ ಬಾಯಿಂದ ಬಾಲದವರೆಗೆ ಬಡಿಯುತ್ತಾ ಬಂದ. ಬಾಯಿ ಹತ್ತಿರ ಟಣ್ ಅಂದಿತು. ಹೊಟ್ಟೆ ಹತ್ತಿರ ಒದ್ದೆ ಮಡಕೆಯ ಹಾಗೆ ಬೊದ್ ಅಂದಿತು. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದ, ಹಪ್ಪಳಕ್ಕೆ ಬೆರಳು ಹೋದಂತೆ ಒಳಕ್ಕೆ ಹೋಯಿತು. ಮೆಲ್ಲಗೆ ಹೊರಕ್ಕೆಳೆದು ತೂತನ್ನು ನನ್ನ ಕಡೆ ತಿರುಗಿಸಿದ. "ಮೊದಲೇ ತಗಡು ತೆಳುವಾಗಿತ್ತಣ್ಣಾ, ಈಗ ಬೆಸೆಯೋಕೆ ಕೊನೇಪಕ್ಷ ಅಂಚಾದ್ರೂ ಬೇಕಲ್ಲ. ಬೆಂಕಿ ಇಟ್ರೆ ಒಂದು ತೂತು ಮುಚ್ಚಿ ನಾಲ್ಕು ತೂತಾಗ್ತದೆ" ಎಂದ. ತೇಪೆ ಹಾಕಲು ಆಗುವುದಿಲ್ಲವೇ ಎಂದು ಕೇಳಿದೆ. ಹೊಟ್ಟೆಯ ಆಕಾರ ಒಂದು ಕೂದಲೆಳೆ ಬದಲಾದರೂ ಉಸಿರು ಬೇರೆ ಹೊತ್ತಿಗೆ ವಾಪಸ್ ಬರುತ್ತದಂತೆ. ಹೊಸದು ಮಾಡು ಎಂದೆ. ಸುಣ್ಣ ಹೊಡೆದ ಗೋಡೆಯನ್ನು ನೋಡಿ, ಉದುರುತ್ತಿರುವ ಇದರಿಂದ ತೆಗೆದ ಅಳತೆ ನಂಬುವಂಥದ್ದಲ್ಲ ಎಂದ. ಅಂಗಡಿಯಲ್ಲಿ ಸಿಗುವುದನ್ನು ತಂದರೆ ಇಂಜಿನ್ನನ್ನೇ ಅದಕ್ಕೆ ಹೊಂದಿಸಬೇಕು, ಅದು ಹತ್ತು ದಿನದಲ್ಲಿ ಆಗುವ ಮಾತಲ್ಲ ಎಂದ. ನಿನಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಒಂದೊಂದು ಕ್ಷಣದ ಲೆಕ್ಕ ಇರುವ ಕಡೆ, ಉಸಿರು ಸೋರುವ ಗಾಡಿ ಹಿಡಿದುಕೊಂಡು ನೀನು ಯಾರ ಹಿಂದೆ ಓಡುತ್ತೀಯ?

ನೀನು ಚಿಕ್ಕವಳಿದ್ದಾಗ ಕೊಟ್ಟಿಗೆಯ ನೇಗಿಲ ಗುಳ ತೋರಿಸಿ ನಾನು ಹೇಳುತ್ತಿದ್ದ ಕತೆ ಜ್ಞಾಪಕ ಇದೆಯೇ? ಕಬ್ಬಿಣ ಭೂಮ್ತಾಯಿಯ ಹೊಟ್ಟೇಲಿ ಇತ್ತಂತೆ. ಕುಲುಮೆಯವನು ಬಂದು ಹೆಣ್ಣು ಕೇಳಿದ ಹಾಗೆ ಕೇಳಿಕೊಂಡು ಕರೆದೊಯ್ದನಂತೆ. ಹೊರಡುವಾಗ ತಾಯಿ ಹೇಳಿದಳಂತೆ, "ಹೋಗು ಮಗಳೇ, ಕುಡುಗೋಲಾಗು, ಗುಳವಾಗು. ದುಡಿಯೋವರೆಗೂ ನಿನ್ನ ತಂಟೆಗೆ ಬರಲ್ಲ. ನೀನು ಒಂದು ಗಳಿಗೆ ಮೂಲೇಲಿ ಸುಮ್ಮನೆ ಕೂತೆಯೋ, ಕೆಂಪು ಸೀರೆ ಉಟ್ಕೊಂಡು ಕರೆಯೋಕೆ ಬಂದೇ ಬರ್ತೀನಿ." ಅದೇ ತುಕ್ಕು ಎಂದು ನಾನು ಕತೆ ಮುಗಿಸಿದರೆ ನೀನು, "ಹಾಗಾದ್ರೆ ತುಕ್ಕು ಒಳ್ಳೇದಾ ಕೆಟ್ಟದ್ದಾ ತಾತ?" ಎಂದು ಕೇಳಿದ್ದೆ. ಅವತ್ತು ಉತ್ತರ ಹೇಳದೆ ನಿನಗೆ ಬೆಲ್ಲ ಕೊಟ್ಟು ತಪ್ಪಿಸಿಕೊಂಡೆ. ಇವತ್ತು ಬೆಲ್ಲವೂ ಇಲ್ಲ.

ಪೈಪನ್ನು ತಿಪ್ಪಣ್ಣ ಇಟ್ಟುಕೊಳ್ಳುತ್ತೇನೆಂದ, ನಾನು ಕೊಡಲಿಲ್ಲ. ಮನೆಗೆ ತಂದು ಅದೇ ಹಲಗೆ ಮೇಲಿಟ್ಟಿದ್ದೇನೆ. ಇಪ್ಪತ್ತೆರಡಕ್ಕೆ ನೀನು ಗಾಡಿ ಮಾಡಿಕೊಂಡು ಆಸೆಯಿಂದ ಬಂದು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆದೆ. ಬೇರೆ ದಾರಿ ಇದೆ ಎಂದು ಬರೆಯಲು ಎರಡು ದಿನ ಯೋಚಿಸಿದೆ. ಯಾವುದೂ ತೋಚಲಿಲ್ಲ.

ನಿಮ್ಮಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಕೆಂಪಕ್ಕ ಹೊಟ್ಟೆ ಹೇಗಿದೆ ಎಂದು ದಿನಾ ಕೇಳುತ್ತಾಳೆ. ನಿನ್ನ ಕೈ ಹಿಡಿದ ಕೆಲಸ ಯಾವುದಾದರೂ ಆಗಲಿ, ಆ ಕೈಗೆ ನೋವು ಬರದಿರಲಿ.

ನಿನ್ನ ತಾತ,
ರಾಮಯ್ಯ

ತಾ.ಕ.: ನಿಮ್ಮಜ್ಜಿ ಹಾಲು ತರಲು ಹೋಗಿದ್ದಾಳೆ, ಬರುವುದರೊಳಗೆ ಇದನ್ನು ಬರೆದು ಅಂಟಿಸಬೇಕು. ಕೆಂಪಕ್ಕನ ಕಾವಲಿ ಕತೆಯನ್ನು ನಾನು ಸುಮ್ಮನೆ ಬರೆಯಲಿಲ್ಲ ಮಗಳೇ. ಕಬ್ಬಿಣಕ್ಕೆ ಹುಳಿ ತೋರಿಸಬಾರದು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳು ತಿಂಗಳೊಪ್ಪತ್ತಿನಲ್ಲಿ ಅದನ್ನು ಮರೆತಾಳೇ? ಹೋದ ವರ್ಷ ರೇಸಿನಲ್ಲಿ ನೀನು ಬಿದ್ದ ದಿನ ಆಸ್ಪತ್ರೆಯ ಬೆಂಚಿನಲ್ಲಿ ನಿನ್ನ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು, "ಶಿವರಾಮಂದೂ ಹಿಂಗೇ ತಂದು ಕೈಗೆ ಕೊಟ್ಟಿದ್ರು" ಎಂದಿದ್ದಳು. ಅವಳ ಮೇಲೆ ಕೋಪ ಬಂದರೆ ಬರಲಿ, ಪೂರ್ತಿ ಅವಳ ಮೇಲೇ ಹಾಕಬೇಡ. ಬೂದುಗುಂಬಳ ತರಲು ಹೋಗಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ಕುಂಬಳಕಾಯಿ ಹಿಂದಿನ ದಿನವೇ ತಂದಿದ್ದೆ. ನಾನು ಹಿತ್ತಲ ಜಗಲಿಯಲ್ಲೇ ಕೂತಿದ್ದೆ. ಮೂವತ್ತು ವರ್ಷ ಗುಳಕ್ಕೆ ಹರಳೆಣ್ಣೆ ಸವರಿ ಕಾಪಾಡಿದವನು ನಾನು, ನನಗೆ ಗೊತ್ತಿಲ್ಲವೇ? ಬೇಡ ಅನ್ನಲಿಲ್ಲ. ಕೈಯಲ್ಲಿದ್ದ ಹುಣಿಸೆಹಣ್ಣು ಮುಗಿದಾಗ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎದ್ದು ಒಳಗೆ ಹೋಗಿ ಡಬ್ಬದಿಂದ ಇನ್ನೊಂದು ಉಂಡೆ ತಂದುಕೊಟ್ಟೆ.