ಕುರ್ಚಿ ಕೊಟ್ಟರೂ ಕೂರಲಿಲ್ಲ

ಎಪ್ಪಿಂಗ್, ಸಿಡ್ನಿ
೧೬ ಜೂನ್ ೧೯೯೨, ಮಂಗಳವಾರ

ಹೃಷಿ ಮರಿ, ನಿನಗೆ ಅಮ್ಮನ ಮನಸ್ಸು ತುಂಬಿದ ಹಾರೈಕೆಗಳು.

ಹೇಗಿದ್ದೀಯೋ? ಹಿಮ್ಮಡಿಯ ನೋವು ಹೋಯಿತೇ? ಮೆಲ್ಬರ್ನ್‌ ಚಳಿಯಲ್ಲಿ ಮೊಣಕಾಲು ಬಿಟ್ಟುಕೊಂಡು ಓಡುವವನಿಗೆ ಸ್ವೆಟರ್ ಹಾಕಿಕೋ ಎಂದು ಹೇಳಿ ಏನು ಪ್ರಯೋಜನ, ಆದರೂ ಹೇಳುತ್ತೇನೆ. ಯುಗಾದಿಗೆ ನೀನು ಕಳಿಸಿದ ಕಾರ್ಡಿನಲ್ಲಿ “ಈಟಿಂಗ್ ವೆಲ್, ಡೋಂಟ್ ವರಿ” ಎಂದಿತ್ತು. ನಾಲ್ಕು ಪದದಲ್ಲಿ ಊಟದ ವಿಷಯ ಮುಗಿಸುವವನು ಸರಿಯಾಗಿ ತಿನ್ನುತ್ತಿಲ್ಲವೆಂದೇ ನಾನು ತಿಳಿದಿದ್ದೇನೆ. ಹುಳಿಪುಡಿ, ಚಟ್ನಿಪುಡಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತಿವೆ. ಜಯನಗರದಲ್ಲಿ ಮೂರನೇ ಕ್ಲಾಸಿನವರೆಗೆ ಕಲಿತ ಕನ್ನಡ ಸಾಲಲಿ ಎಂದು ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ತಿಳಿಯದಿದ್ದರೆ ಜೋರಾಗಿ ಓದಿಕೋ, ಕಿವಿಗೆ ಗೊತ್ತಾಗುತ್ತದೆ.

ಇಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಿನಗೆ ತಿಳಿಸಿರಲಿಲ್ಲ, ಫೆಬ್ರವರಿಯಲ್ಲಿ ನಿಮ್ಮಪ್ಪನ ಕೆಲಸ ಹೋಯಿತು. ರಿಸೆಷನ್ ಎಂದು ಚಾಟ್ಸ್‌ವುಡ್ ಆಫೀಸಿನವರು ಹನ್ನೊಂದು ಇಂಜಿನಿಯರುಗಳನ್ನು ಒಂದೇ ಶುಕ್ರವಾರ ಮನೆಗೆ ಕಳಿಸಿದರು, ನಿನ್ನ ಒಂದು ಟೀಮಿನಷ್ಟು ಜನ. ಈಗಲೂ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಸ್ಟೇಷನ್ನಿಗೆ ನಡೆಯುತ್ತಾರೆ, ಏಳು ನಲವತ್ತರ ಟ್ರೇನು ಹೋದ ಮೇಲೆ ವಾಪಸು ಬರುತ್ತಾರೆ. ಆಮೇಲೆ ಫ್ರಿಜ್ ತೆಗೆಯುವುದು, ಮುಚ್ಚುವುದು. ನಾನು ಕೆಲಸದಿಂದ ಬರುವಷ್ಟರಲ್ಲಿ ಅಡುಗೆಮನೆಯ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ನಿಂತಿರುತ್ತವೆ, ಸಾಸಿವೆ ಎಲ್ಲಿದೆಯೆಂದು ದೇವರಿಗೇ ಗೊತ್ತು. ನಾನೂ ಕಡಿಮೆಯಿಲ್ಲ. ಫೋನ್ ಬಡಿದುಕೊಂಡರೆ ಒಲೆಯ ಮೇಲಿನ ಹಾಲು ಬಿಟ್ಟು ಓಡುತ್ತೇನೆ. ನೀನು ಫೋನ್ ಮಾಡುವುದನ್ನು ನಿಲ್ಲಿಸಿದ್ದೇಕೆಂದು ನನಗೆ ಗೊತ್ತಪ್ಪ. ನಿನ್ನ ದನಿ ಕೇಳಿದೊಡನೆ ಅವರು ಮಾತಾಡದೆ ರಿಸೀವರನ್ನು ಮೇಜಿನ ಮೇಲಿಟ್ಟು ಎದ್ದು ಹೋಗುತ್ತಿದ್ದರು. ಯುಗಾದಿಯ ದಿನ ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಹೇಳುವಾಗಲೂ ತಮ್ಮದು, ನನ್ನದು ಹೇಳಿ ಬಾಯಿ ಮುಚ್ಚಿಕೊಂಡರು. ನಿನ್ನ ಹೆಸರು, ನಕ್ಷತ್ರ ನಾನೇ ಹೇಳಿದೆ. ವಾಪಸು ಬರುವಾಗ ಕಾರಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತೆ, ಅಷ್ಟು ಸಿಟ್ಟು ಬಂದಿತ್ತು.

ಪಕ್ಕದ ಮನೆಯ ಪಿಕಪ್ ತಾತ ನೆನಪಿದ್ದಾರಲ್ಲ? “ಅಮ್ಮ, ಅವ್ರು ಮನುಷ್ಯನಾ, ವ್ಯಾನಾ?” ಎಂದು ಅವರ ಹೆಸರಿಗೆ ಚಿಕ್ಕವನಿದ್ದಾಗ ನೀನು ಕೇಳುತ್ತಿದ್ದೆ. ಪಾಪ, ಅವರ ಕಣ್ಣು ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಈಸ್ಟರ್ ಆದ ಮೇಲೆ ಒಂದು ದಿನ ರಟ್ಟಿನ ಪೆಟ್ಟಿಗೆ ಹಿಡಿದು ಬಂದರು. ಇಂಗ್ಲೆಂಡಿನ ಅವರೂರಿನ ಹಳೆಯ ಕ್ಲಬ್ಬಿನ ಸಭೆಯ ನಡಾವಳಿ ಪುಸ್ತಕವಂತೆ, ಓದಿ ಹೇಳುವವರು ಬೇಕಂತೆ. ನಮ್ಮವರು ಪಿ.ಡಬ್ಲ್ಯು.ಡಿ.ಯಲ್ಲಿ ಬ್ರಿಟಿಷರ ಕಾಲದ ಕಾಲುವೆ ದಾಖಲೆ ಓದಿ ಓದಿ ಎಂಥ ಕೂಡಕ್ಷರವನ್ನೂ ಬಿಡಿಸಬಲ್ಲರು. ಕ್ಲಬ್ ಎಂದರೆ ಇಸ್ಪೀಟು, ಸಾಯಂಕಾಲದ ಕಾಫಿ ಎಂದುಕೊಂಡು ಒಪ್ಪಿಬಿಟ್ಟರು. ನೋಡಿದರೆ ಫುಟ್‌ಬಾಲ್! ಆ ಹೊತ್ತಿನ ಅವರ ಮುಖ ನೀನು ನೋಡಬೇಕಿತ್ತು. ಆದರೆ ಕೊಟ್ಟ ಮಾತು, ಬಿಡುವ ಹಾಗಿಲ್ಲ.

ಹೆಗ್‌ಡೆನ್ ವಾಂಡರರ್ಸ್ ಎಂದು ಅದರ ಹೆಸರು. “ನಮ್ಮ ಕಡೆ ಹೆಗ್ಡೇರು ಹೋಗಿ ಕಟ್ಟಿದ್ದಾ?” ಎಂದೆ, ನಿಮ್ಮಪ್ಪ ನಗಲಿಲ್ಲ. ೧೮೭೭ರಲ್ಲಿ ಚರ್ಚಿನ ಭಾನುವಾರದ ಪಾಠಕ್ಕೆ ಬರುತ್ತಿದ್ದ ನೇಕಾರರ ಮಕ್ಕಳು ಶುರುಮಾಡಿದರಂತೆ. ಪಾದ್ರಿ ಸಭೆಗೆ ಕೋಣೆ ಕೊಟ್ಟರು, ಆದರೆ ಪ್ರತಿ ಸಭೆಗೂ ತಾವೇ ಅಧ್ಯಕ್ಷರಾಗಬೇಕೆಂದರು. ಹುಡುಗರು ಸಿಟ್ಟಾಗಿ ಎದ್ದು ಹೋಗಿ ಒಂದು ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದರು. ಆಡಲು ಸ್ವಂತ ಮೈದಾನವಿಲ್ಲ. ಒಂದು ವರ್ಷ ಕುರಿ ಮೇಯುವ ಹುಲ್ಲುಗಾವಲು, ಇನ್ನೊಂದು ವರ್ಷ ಇಟ್ಟಿಗೆ ಗೂಡಿನ ಪಕ್ಕ. ಅದಕ್ಕೇ ಆ ಅಲೆಮಾರಿ ಹೆಸರು. ಗೋಲಿನ ಎರಡು ಕಂಬಗಳ ಮೇಲೆ ಅಡ್ಡಮರದ ಬದಲು ಟೇಪು ಕಟ್ಟುತ್ತಿದ್ದರಂತೆ. ಮನೆಯ ಹಳೆಯ ಅಂಗಿಗಳನ್ನು ಗಿರಣಿಯ ಬಣ್ಣದ ತೊಟ್ಟಿಯಲ್ಲಿ ಅದ್ದಿಕೊಂಡು ಬಂದರೆ ಮಳೆಗೆ ಬಣ್ಣ ಇಳಿದು ಎಲ್ಲರ ಕಾಲೂ ನೀಲಿ. ಇದನ್ನೆಲ್ಲ ಓದುತ್ತ ಓದುತ್ತ ನಿಮ್ಮಪ್ಪ ಹಗುರಾದರು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಮಸಾಲೆ ಡಬ್ಬಿಗಳನ್ನು ನಿಲ್ಲಿಸಿಕೊಂಡು ನನಗೆ ಆಫ್‌ಸೈಡ್ ವಿವರಿಸಿದರು. ಜೀರಿಗೆ ಆಫ್‌ಸೈಡ್ ಆಗಿತ್ತು, ಅಷ್ಟು ಮಾತ್ರ ನನಗೆ ತಿಳಿಯಿತು.

ಆಮೇಲೆ ೧೮೮೩ರ ಪುಟ ಬಂತು. ಆಗ ದುಡ್ಡು ತೆಗೆದುಕೊಂಡು ಆಡುವುದು ನಿಷಿದ್ಧ. ಸ್ಯಾಮ್ ಪಿಕಪ್ ಎಂಬ ಇಪ್ಪತ್ತರ ಹುಡುಗ, ನಮ್ಮ ಪಿಕಪ್ ತಾತನ ತಾತ, ಗುಟ್ಟಾಗಿ ಪಕ್ಕದೂರಿನವರಿಗೆ ಕೂಲಿಗೆ ಆಡಿದನಂತೆ. ಅವನ ಹೆಸರಿಗೆ ಅಡ್ಡಗೀಟು, ಅದೂ ನಿಬ್ಬು ಮುರಿಯುವಂತೆ. ಕೆಳಗೆ ಕಾರ್ಯದರ್ಶಿಯ ಸಹಿ: ಜೋಸೆಫ್ ಪಿಕಪ್. ಅವನ ಹೆತ್ತ ಅಪ್ಪನೇ! ತಾತನಿಗೇ ಇದು ಗೊತ್ತಿರಲಿಲ್ಲ. ನಿಮ್ಮಪ್ಪ ಪುಸ್ತಕ ಮುಚ್ಚಿ ಸ್ಟೇಷನ್ನಿಗೆ ಹೊರಟುಬಿಟ್ಟರು, ಆ ಹೊತ್ತಿಗೆ ಯಾವ ಟ್ರೇನೂ ಇರಲಿಲ್ಲ. “ದುಡ್ಡಿಗೆ ಕುಣಿಯೋದು ನಮ್ಮ ಮನೇಲಿ ಯಾರೂ ಮಾಡಿಲ್ಲ” ಎಂದು ಅವರು ಹತ್ತು ತಿಂಗಳ ಹಿಂದೆ ನಿನಗೆ ಅಂದ ಮಾತು ಆಗ ನನ್ನ ಕಿವಿಯಲ್ಲಿತ್ತು. ಅವರ ಕಿವಿಯಲ್ಲೂ ಇದ್ದಿರಬೇಕು. ಇಂಜಿನಿಯರಿಂಗ್ ಬಿಟ್ಟು ನೀನು ಸಂಬಳದ ಫುಟ್‌ಬಾಲಿಗೆ ಹೋದದ್ದು ನನಗೂ ನೋವೇ ಹೃಷಿ, ಸುಳ್ಳು ಹೇಳುವುದಿಲ್ಲ. ಆದರೆ ನೀನಿಲ್ಲದ ಮನೆ ಅದಕ್ಕಿಂತ ದೊಡ್ಡ ನೋವು.

ವಾರ ಕಳೆದ ಮೇಲೆ ಅವರೇ ಪುಸ್ತಕ ತೆರೆದರು. ೧೮೮೫ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲಿನ ನಿಯಮ ಬದಲಾಗಿ ಸಂಬಳದ ಆಟಕ್ಕೆ ಒಪ್ಪಿಗೆ ಸಿಕ್ಕಿತು. ಕ್ಲಬ್ಬಿನಲ್ಲಿ ಪರ ಹದಿನಾಲ್ಕು, ವಿರೋಧ ಹನ್ನೊಂದು. ಮೊದಲ ಸಂಬಳದ ಆಟಗಾರನೆಂದು ಸ್ಯಾಮನ ಹೆಸರು ಮತ್ತೆ ಏರಿತು. ಜೋಸೆಫ್ ಅದನ್ನು ತನ್ನ ಕೈಯಿಂದಲೇ ಬರೆದು, ಅದರ ಕೆಳಗೆ ತನ್ನ ರಾಜೀನಾಮೆಯನ್ನೂ ಬರೆದ. ಹಟ ನೋಡು! ಮುಂದಿನ ಪುಟಗಳಲ್ಲಿ ಬೇರೆ ಯಾರದೋ ಅಕ್ಷರ. ಅಲ್ಲೊಂದು ಸಾಲು: “ಹಳೆಯ ಕಾರ್ಯದರ್ಶಿಗಳು ಶನಿವಾರದ ಆಟಕ್ಕೆ ಬಂದು ಗೋಲಿನ ಹಿಂದೆ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.” ನಿಮ್ಮಪ್ಪ ಅದನ್ನು ಮೂರು ಸಲ ಓದಿದರು. ಪಿಕಪ್ ತಾತ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಓದಿ ಎಂದರು. ನಾಲ್ಕನೇ ಸಲ ಇವರು ಸಾಲಿನ ಅರ್ಧಕ್ಕೇ ಎದ್ದುಬಿಟ್ಟರು. ಜಿರಾಫೆಯಂಥ ಮನುಷ್ಯ, ಅಳುವುದು ಗೊತ್ತಾಗಬಾರದೆಂದು ಸಿಂಕಿನ ಮುಂದೆ ಬಗ್ಗಿ ಲೋಟ ತೊಳೆದರು.

ಕುಕ್ಕರ್ ಕೂಗುತ್ತಿದೆ, ಮುಗಿಸುತ್ತೇನೆ. ದಿನಕ್ಕೊಂದು ಸಲವಾದರೂ ಅನ್ನ ಮಾಡಿಕೋ. ಬಿದ್ದರೆ ಎದ್ದು ಆಡು, ಮೈ ಹುಷಾರು. ದೇವರು ನಿನ್ನ ಕಾಲುಗಳನ್ನು ಕಾಯಲಿ.

ನಿನ್ನ ಅಮ್ಮ,
ಅನುಸೂಯ

ಮರೆತಿದ್ದೆ (ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ): ೨೭ರ ಶನಿವಾರ ರಾತ್ರಿಯ ಬಸ್ಸಿಗೆ ನಿಮ್ಮಪ್ಪ ಮೆಲ್ಬರ್ನ್‌ಗೆ ಟಿಕೆಟ್ ಬುಕ್ ಮಾಡಿದ್ದಾರೆ. ಅಲ್ಲಿರುವ ತಮ್ಮ ಸ್ನೇಹಿತ ಚಕ್ರಪಾಣಿ ಅಂಕಲ್ ಹತ್ತಿರ ಕೆಲಸದ ವಿಷಯ ಮಾತಾಡಬೇಕಂತೆ. ಚಕ್ರಪಾಣಿ ಮಗಳ ಮದುವೆಗೆಂದು ತಿಂಗಳಿಂದ ಬೆಂಗಳೂರಿನಲ್ಲಿದ್ದಾರೆ, ಅದು ನನಗೂ ಗೊತ್ತು, ಇವರಿಗೂ ಗೊತ್ತು. ೨೮ರ ಭಾನುವಾರದ ನಿನ್ನ ಮ್ಯಾಚಿನ ಪೇಪರ್ ಕಟಿಂಗ್ ಇವರ ಕೋಟಿನ ಜೇಬಿನಲ್ಲಿ ಸಿಕ್ಕಿತು. ಕಂಡರೂ ಕಾಣದ ಹಾಗೆ ಆಡು. ಕುರ್ಚಿಗಿರ್ಚಿ ಕೊಡಲು ಹೋಗಬೇಡ. ನಿನ್ನೆ ಬೆಳಿಗ್ಗೆ ಹಲ್ಲುಜ್ಜುತ್ತ, ಹೆಸರೆತ್ತದೆ, “ಅವನ ನಂಬರ್ ಎಷ್ಟು?” ಎಂದರು. ನಾನು ಓಡಿಹೋಗಿ ಫೋನ್ ಡೈರಿ ತಂದೆ. “ಅದಲ್ಲ ಕಣೇ, ಬೆನ್ನಿನ ಮೇಲಿಂದು” ಎಂದರು. ನನಗೆ ಗೊತ್ತಿರಲಿಲ್ಲ. ಬೇಗ ತಿಳಿಸೋ.