ನಿಮ್ಮ ಕಚೇರಿ ಕುಗ್ಗಿಸಿದ ನದಿ

ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು. ನಿಮ್ಮ ನೋಟೀಸು ಓದಿದ ಮೇಲೆ ಆ ಪದ ಬರೆಯಲು ಕೈ ಬರುತ್ತಿಲ್ಲ. ಹನ್ನೆರಡು ಕಿಲೋಮೀಟರ್ ಉದ್ದದ ನದಿಯನ್ನು ನಿಮ್ಮ ಕಚೇರಿ ಎಂಟು ಕಿಲೋಮೀಟರ್ ಮಾಡಿತು. ಅದನ್ನು ಸರಿಯಾಗಿ ಅಳೆದ ಹುಡುಗಿಯನ್ನು ಫೇಲು ಮಾಡಿತು. ಈಗ ನನ್ನನ್ನೇ ಕೇಳುತ್ತಿದ್ದೀರಿ: ‘ಭೂಗೋಳದಂಥ ಕಠಿಣ ವಿಷಯದಲ್ಲಿ ವಿದ್ಯಾರ್ಥಿಗಳ ಯಶಸ್ಸಿಗಾಗಿ ತಾವು ಕೈಗೊಂಡ ಕ್ರಮಗಳೇನು?’

ಕೈಗೊಂಡ ಕ್ರಮ ಹೇಳುತ್ತೇನೆ, ಕೇಳಿ. ನನ್ನ ಹತ್ತನೇ ತರಗತಿಯ ಕೊನೇ ಬೆಂಚಿನಲ್ಲಿ ಒಬ್ಬ ಹುಡುಗಿ. ನಕ್ಷೆ ಬಿಡಿಸಿದರೆ ಸಾಕು, ಅವಳಿಗೆ ಹೊಟ್ಟೆನೋವು. ವರ್ಷವಿಡೀ ಬೆಳಿಗ್ಗೆ ಒಂದು ಗಂಟೆ ಮುಂಚೆ ಬಂದು ಅವಳನ್ನು ಕೂರಿಸಿಕೊಂಡೆ. ಅಂಕುಡೊಂಕಾದ ನದಿಯನ್ನು ಸ್ಕೇಲಿನಿಂದ ಅಳೆಯಲಾಗದು, ದಾರ ಬೇಕು. ಅವಳಮ್ಮ ಟೈಲರ್, ಮಗಳ ಕೈಲಿ ಒಂದು ಉಂಡೆ ಕೆಂಪು ದಾರ ಕಳಿಸಿದರು. ದಾರವನ್ನು ನದಿಯ ಮೇಲೆ ಹಾಸಿ, ತುದಿಯನ್ನು ಉಗುರಿನಲ್ಲಿ ಒತ್ತಿ ಹಿಡಿದು, ನಕ್ಷೆಯ ಬುಡದಲ್ಲಿ ಕಿಲೋಮೀಟರ್ ಗುರುತು ಹಾಕಿರುವ ಅಳತೆಗೆರೆಯ ಮೇಲಿಟ್ಟು ಎಣಿಸಬೇಕು. “ಪಕ್ಕದಲ್ಲಿ ಬರೆದಿರೋ ಸೆಂಟಿಮೀಟರ್ ನಂಬಬೇಡ ಕಣೇ. ನಕ್ಷೆ ಚಿಕ್ಕದಾದ್ರೆ ಗೆರೆನೂ ಜೊತೆಗೇ ಚಿಕ್ಕದಾಗುತ್ತೆ, ಬರಹ ಬದಲಾಗಲ್ಲ” ಎಂದು ನೂರು ಸಲ ಹೇಳಿದ್ದೆ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಹೊಟ್ಟೆನೋವು ಮಾಯ. ಸರ್ವೆ ತರಬೇತಿಗೆ ಸೇರುತ್ತೇನೆಂದು ಅವಳೇ ಅರ್ಜಿ ತಂದು ತೋರಿಸಿದಳು.

ಆಮೇಲೆ ಬಂತು ನಿಮ್ಮ ಘನ ಪ್ರಶ್ನೆಪತ್ರಿಕೆ. ಕಾಗದ ಉಳಿಸುವ ಉಮೇದಿನಲ್ಲಿ ದೊಡ್ಡ ನಕ್ಷೆಯನ್ನು ಮೂರರಲ್ಲಿ ಎರಡು ಪಾಲಿಗೆ ಕುಗ್ಗಿಸಿದಿರಿ. ‘ಒಂದು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್’ ಎಂಬ ಸಾಲು ಮಾತ್ರ ಹಾಗೇ ಉಳಿಯಿತು. ಅವಳು ಅಳತೆಗೆರೆ ನಂಬಿ ಹನ್ನೆರಡು ಎಂದು ಬರೆದಳು. ನಿಮ್ಮ ಕೀ ಉತ್ತರ ಸಿದ್ಧಪಡಿಸಿದ ಪಂಡಿತರು ಆ ಸಾಲು ನಂಬಿ ಎಂಟು ಎಂದರು. ನಾಲ್ಕು ಅಂಕಕ್ಕೆ ಸೊನ್ನೆ. ಅವಳು ಫೇಲಾದದ್ದು ಮೂರು ಅಂಕದಿಂದ.

ನೀವು ಕುಗ್ಗಿಸಿದ ಆ ದೊಡ್ಡ ನಕ್ಷೆಯದೇ ಒಂದು ಪ್ರತಿ ನಮ್ಮ ತರಗತಿಯ ಗೋಡೆಯ ಮೇಲಿತ್ತು. ಅದನ್ನೇ ಸುತ್ತಿಕೊಂಡು ನಿಮ್ಮ ಕಚೇರಿಗೆ ಬಂದೆ. ಕಿಟಕಿಯಾಚೆಯ ಗುಮಾಸ್ತರು ತಲೆ ಎತ್ತದೆ ಹೇಳಿದರು: “ನದಿ ಎಷ್ಟುದ್ದ ಇದ್ರೆ ನಮಗೇನು ಮಿಸ್? ಕೀ ಉತ್ತರ ಎಂಟು ಅಂದ್ರೆ ಎಂಟು.” ಅವರಾದರೂ ನೇರ ಮನುಷ್ಯ. ನೀವೋ, ‘ಮೌಲ್ಯಮಾಪನ ಕ್ರಮಬದ್ಧವಾಗಿದೆ’ ಎಂದು ಸಹಿ ಹಾಕಿ ಕಳಿಸಿದಿರಿ. ನಕ್ಷೆ ಬಿಡಿಸಿ ನೋಡಿದಿರಾ? ಒಂದು ದಾರ ಹಿಡಿಯಲು ಎಷ್ಟು ಹೊತ್ತು ಬೇಕು?

ತರಬೇತಿಯ ಅರ್ಜಿಗೆ ಶುಕ್ರವಾರ ಕೊನೇ ದಿನ. ಮರುಪರೀಕ್ಷೆ ಮುಂದಿನ ತಿಂಗಳು. ನಿನ್ನೆ ಹುಡುಗಿ ಬಂದು ಕೇಳಿದಳು: “ಮಿಸ್, ಮತ್ತೆ ಇಂಥದ್ದೇ ಬಂದ್ರೆ ನಿಜವಾದ ಉದ್ದ ಬರೀಲಾ, ಪಾಸಾಗೋ ಉದ್ದ ಬರೀಲಾ?”

ಇಪ್ಪತ್ತೆರಡು ವರ್ಷ ಪಾಠ ಮಾಡಿದ ನಾನು, ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ, “ಪಾಸಾಗೋದು ಬರಿ” ಎಂದುಬಿಟ್ಟೆ. ಅವಳು ದಾರದ ಉಂಡೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಅದರ ಒಂದು ತುಂಡನ್ನು, ಈ ಪತ್ರದ ಜೊತೆಗಿಟ್ಟಿರುವ ನಿಮ್ಮ ಪ್ರಶ್ನೆಪತ್ರಿಕೆಯ ನಕ್ಷೆಗೆ ಪಿನ್ ಮಾಡಿದ್ದೇನೆ. ಅಳೆಯಿರಿ. ಶುಕ್ರವಾರದೊಳಗೆ ಅವಳ ನಾಲ್ಕು ಅಂಕ ಕೊಡಿ. ಕೊಡುವುದಿಲ್ಲವೆಂದರೆ ನನ್ನ ತರಗತಿಗೆ ಬನ್ನಿ. ಗೋಡೆಯ ನಕ್ಷೆಯ ಮುಂದೆ ನಿಂತು, ಈ ನದಿ ಎಂಟೇ ಕಿಲೋಮೀಟರ್ ಎಂದು ಅವಳ ಮುಖ ನೋಡಿ ಹೇಳಿ. ನಾನು ಹೇಳಿದ ಸುಳ್ಳು ಒಂದೇ ಸಾಕು, ಇನ್ನೊಂದು ನನ್ನಿಂದಾಗದು.

ಇಂತಿ,
ಸರಿಯಾಗಿ ಅಳೆಯಲು ಕಲಿಸಿದ ತಪ್ಪಿಗೆ ಸಮಜಾಯಿಷಿ ಬರೆಯುತ್ತಿರುವ
ಭೂಗೋಳದ ಟೀಚರ್