ಬೇಸ್ ಗಿಟಾರಿಗೆ ಹಾಕಿಸಿದ ಬೇವಿನ ಚೆಕ್ಕೆ

ಹಿಂದೂಪುರ
26-4-2025

ನನ್ನ ಕಂದ ಭಾರ್ಗವಿಗೆ ನಿಮ್ಮಮ್ಮ ಮಾಡುವ ಆಶೀರ್ವಾದ.

ರಾಮನವಮಿ ಆಗಿ ಮೂರು ವಾರ ಆಗ್ತಾ ಬಂತು. ಬರೀಬೇಕು ಅಂತ ಕೂರೋದು, ಏಳೋದು, ಇದೇ ಆಗೋಯ್ತು. ತಪ್ಪು ತಿಳ್ಕೋಬೇಡ. ಫೋನ್ ಮಾಡಿದರೆ ನೀನು ಎತ್ತಲ್ಲ. ಅಳಿಯ ಸಾಯಿಕುಮಾರ್ ಎತ್ತಿ, "ಅತ್ತೆ, ಆ ಗಿಟಾರಿನ ಮಾತು ಮಾತ್ರ ತೆಗೀಬೇಡಿ" ಅಂತಾರೆ. ಇನ್ನು ನುಡಿಸಲ್ಲ, ಯಾರಿಗಾದರೂ ಕೊಟ್ಬುಡು ಅಂತ ಕಲ್ಯಾಣದುರ್ಗದಿಂದ ಬಸ್ಸಿಗೆ ಹಾಕಿದೆಯಲ್ಲ ನಿನ್ನ ಬೇಸ್ ಗಿಟಾರು, ಅದನ್ನ ಯಾರಿಗೂ ಕೊಟ್ಟಿಲ್ಲ. ಮಂಚದ ಮೇಲೆ ಮಲಗಿಸಿದ್ದೀನಿ. ದೀಪ ಹಚ್ಚೋಕೆ ಹೋದರೂ ಕಣ್ಣು ಅತ್ಲಾಗೇ ಹೋಗ್ತದೆ.

ಎಂಟು ವರ್ಷದ ಕೆಳಗೆ ಅಗ್ಗಕ್ಕೆ ಸಿಕ್ತು ಅಂತ ನೀನು ತಂದಾಗ ಕೆಂಪಗೆ ಮಿರುಗೋದು. ಒಂದು ವರ್ಷ ಬಿರಡೆ ಬದಲಾಯಿಸಿದೆ, ಇನ್ನೊಂದು ವರ್ಷ ತಂತಿ ನಾದ ಹಿಡಿಯೋ ಪಿಕಪ್ಪು ಬೇಕು ಅಂತ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಂದೆ. ಬಣ್ಣ ಉಜ್ಜಿ ತೆಗೆದವಳು ನಾನು. ಸಾರಲ್ಲೂ ಕೆಂಪು ಪುಡಿ ಅಂತ ನಿಮ್ಮಪ್ಪ ಮೂರು ದಿನ ಆಡಿಕೊಂಡರು.

ಈಗ ಹೇಳೋದನ್ನ ಕೇಳು. ಯುಗಾದಿಗೆ ಬಂದಾಗ ನೀನು ಅದನ್ನ ರೇಡಿಯೋ ರಿಪೇರಿ ಮುತ್ತುರಾಜನ ಹತ್ರ ಬಿಟ್ಟಿದ್ದೆ. ತರೋಕೆ ನಾನು ಹೋದೆ. ಕತ್ತಿನ ತುದೀಲಿ ತಂತಿ ಕೂರೋ ಬಿಳೀ ಪಟ್ಟಿ ತೋರಿಸಿ, "ಪ್ಲಾಸ್ಟಿಕ್ ತೆಗೆದು ಎಮ್ಮೆ ಮೂಳೆ ಹಾಕೀನಿ ಕಣಕ್ಕ, ಭಾರ್ಗವೀನೇ ಹೇಳಿದ್ದು. ನಾದ ಎಂಗೈತೆ ಕೇಳು" ಅಂದ. ನನಗೆ ನಾದ ಕೇಳಲಿಲ್ಲ. ನೀನು ನುಡಿಸೋದು ರಾಮನವಮಿ ಭಜನೇಲಿ, ಸ್ವಾಮಿ ಎದುರಿಗೆ ಮೂಳೆಯಾ? ತೆಗೆದು ಬೇವಿನ ಚೆಕ್ಕೆ ಹಾಕು ಅಂದೆ.

"ವದ್ದಕ್ಕಾ, ಬೇಡ, ದಪ್ಪ ತಂತಿ ಬೇವನ್ನ ಕೊಯ್ದ್ಬುಡ್ತೈತೆ" ಅಂದ.

ನಾನು ಬಿಡಲಿಲ್ಲ. ನಿನಗೆ ಗೊತ್ತಾಗದಂಗೆ ಚೆಕ್ಕೆಗೆ ಬಿಳೀ ಬಣ್ಣಾನೂ ಬಳಿಸಿದೆ.

ಅವನು ಹೇಳಿದಂಗೇ ಆಯ್ತು. ತಂತಿ ಚೆಕ್ಕೆಯೊಳಕ್ಕೆ ಇಳೀತು. ಭಜನೇಲಿ ನೀನು ಮೀಟಿದಾಗೆಲ್ಲ ಗರಗರ ಅಂದದ್ದು ಅದಕ್ಕೆ. ನಿನ್ನ ಕೈ ಕೆಟ್ಟಿಲ್ಲ, ಕಿವಿ ಕೆಟ್ಟಿಲ್ಲ ಕಣಮ್ಮ.

ನಿನ್ನೆ ಮುತ್ತುರಾಜನ ಮುಂದೆ ನಿಂತು ಮೂಳೇನೇ ಮತ್ತೆ ಹಾಕಿಸಿದೆ. "ಈಗ ಸ್ವಾಮಿ ಒಪ್ಪಿದನಾ ಅಕ್ಕಾ" ಅಂತ ಹಲ್ಲು ಕಿರಿದ. ಸ್ವಾಮಿ ಯಾವತ್ತೂ ಬೇಡ ಅಂದಿರಲಿಲ್ಲ ಕಣಪ್ಪ, ಅಂದವಳು ನಾನು ಅಂದೆ.

ಈ ಕಾಗದಾನ ಅದರ ಚೀಲದಲ್ಲೇ ಇಟ್ಟು ಬೆಳಗಿನ ಬಸ್ಸಿಗೆ ಕೊಡ್ತೀನಿ. ನುಡಿಸೋದು ಬಿಡೋದು ನಿನ್ನಿಷ್ಟ. ನಿನಗೆ ಬರಲ್ಲ ಅಂದ್ಕೊಂಡು ಮಾತ್ರ ಬಿಡಬೇಡ.

ಸ್ವಾಮಿ ನಿನ್ನ ಹತ್ತು ಬೆರಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ
ರಮಾದೇವಿ

ವಿ.ಸೂ.: ಮರೆತಿದ್ದೆ ಅಂತ ಬರೆದರೆ ಸುಳ್ಳಾಗ್ತದೆ. ಭಜನೆ ವೆಂಕಟರಾಯಪ್ಪನೋರು ಹಾರ್ಮೋನಿಯಂ ನಿಲ್ಲಿಸಿ, "ಶ್ರುತಿ ತಿಳೀದವರು ಕೆಳಗಿಳೀರಿ" ಅಂದಾಗ ನೀನು ನನ್ನ ಕಡೆ ನೋಡಿದೆ. ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಚೆಕ್ಕೆಯಿಂದಲೇ ಹಿಂಗಾಗಿದ್ದು ಅಂತ ಆಗಲೇ ಗೊತ್ತಾಗಿತ್ತು. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಣ್ಣು ಮುಚ್ಚಿ ಕೈ ಮುಗಿದುಕೊಂಡೆ, ಧ್ಯಾನದಲ್ಲಿರೋಳ ಹಂಗೆ.